ಬೆನ್ನಿನ ಮೇಲ್ಭಾಗ ಮುಂದಕ್ಕೆ ಬಾಗಿದವರಿಗೆ ಟವೆಲ್ ಸುರುಳಿ
ಸ್ನಾನದ ಟವೆಲನ್ನು ಬಿಗಿಯಾಗಿ ಸುತ್ತಿ ಚಾಪೆಯ ಮೇಲೆ ಅಡ್ಡಲಾಗಿಟ್ಟು, ಅದು ಹೆಗಲ ಹಲಗೆಗಳ ಅಡಿಗೆ ಬರುವಂತೆ ಮಂಡಿ ಮಡಚಿ ಅಂಗಾತ ಮಲಗಿ, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ 10 ದೀರ್ಘ ಉಸಿರುಗಳಷ್ಟು ಹೊತ್ತು ಹಾಗೆಯೇ ಇರಿ. ದಿನವಿಡೀ ಮೊಬೈಲಿನ ಮೇಲೋ ಹೊಲಿಗೆ ಯಂತ್ರದ ಮೇಲೋ ಬಾಗುವವರಲ್ಲಿ ಎದೆಯ ಸ್ನಾಯುಗಳು ಬಿಗಿದು ಬೆನ್ನಿನವು ಸೋಲುತ್ತವೆ. ಸುರುಳಿಯು ಆ ಬಾಗನ್ನು ಎದುರು ದಿಕ್ಕಿಗೆ ಮೆಲ್ಲನೆ ಬಿಡಿಸುತ್ತದೆ. ಸೊಂಟ ನೆಲ ಬಿಟ್ಟು ಮೇಲೇಳುತ್ತಿದ್ದರೆ ಸುರುಳಿ ದಪ್ಪವಾಗಿದೆ ಎಂದರ್ಥ. ಬೋರಲು ಮಲಗಿದಾಗಲೂ ಗೂನು ಇಳಿಯದಿದ್ದರೆ ಅದು ಬರೀ ಭಂಗಿಯ ದೋಷವಲ್ಲದಿರಬಹುದು. ಹದಿಹರೆಯದವರಲ್ಲಿ ಕಶೇರುಕಗಳೇ (ಬೆನ್ನುಹುರಿಯನ್ನು ಸುತ್ತುವರಿದ ಬೆನ್ನಿನ ಬಿಡಿ ಮೂಳೆಗಳು) ಬೆಣೆಯಾಕಾರಕ್ಕೆ ತಿರುಗುವ ಶೋಯರ್‌ಮನ್ ಕಾಯಿಲೆ ಇರುವುದುಂಟು, ಅದಕ್ಕೆ ಎಕ್ಸ್‌ರೇ ತಪಾಸಣೆಯೇ ಆಗಬೇಕು. ಮೂಳೆ ಟೊಳ್ಳಾದ ಹಿರಿಯರಿಗೆ, ಮುಖ್ಯವಾಗಿ ಮುಟ್ಟು ನಿಂತ ಮಹಿಳೆಯರಿಗೆ, ವೈದ್ಯರನ್ನು ಕೇಳದೆ ದಯವಿಟ್ಟು ಇದನ್ನು ಮಾಡಿಸಬೇಡಿ. ಅವರ ಗೂನಿಗೆ ಸದ್ದಿಲ್ಲದೆ ಕುಸಿದ ಕಶೇರುಕವೇ ಕಾರಣವಾಗಿರಬಹುದು.