ರಜೆಗೆ ಬಂದ ಸೈನಿಕರೇ, ರಾತ್ರಿ ಬೈಕ್ ಏರುವ ಮುನ್ನ

ನನ್ನ ಚಿಕ್ಕಪ್ಪನ ಮಗ ಸೈನ್ಯದಲ್ಲಿದ್ದಾನೆ. ಹೋದ ವರ್ಷ ಡಿಸೆಂಬರಿನಲ್ಲಿ ರಜೆಗೆ ಬಂದ. ಜಮ್ಮುವಿನಿಂದ ಎರಡು ರಾತ್ರಿ ರೈಲಿನಲ್ಲಿ ಕಳೆದು, ರಾತ್ರಿ ಹತ್ತೂವರೆಗೆ ಬೆಳಗಾವಿಯಲ್ಲಿ ಇಳಿದ. ಗೆಳೆಯ ಬೈಕ್ ತಂದಿಟ್ಟಿದ್ದ. ಗೋಕಾಕದ ಕಡೆ ಊರು, ಹತ್ತಿರ ಹತ್ತಿರ 60 ಕಿಲೋಮೀಟರ್. 'ರಾತ್ರಿಯಿಡೀ ಕಾವಲು ನಿಂತವನಿಗೆ ಇದೇನ್ ಮಹಾ' ಅಂತ ಹೊರಟೇಬಿಟ್ಟ. ಅರ್ಧ ದಾರಿಯಲ್ಲಿ ಕಬ್ಬಿನ ಟ್ರೇಲರ್ ಹಿಂದೆ, ಒಂದು ಮಾರು ದೂರದಲ್ಲಿ, ಬೈಕ್ ಅಡ್ಡ ತಿರುಗಿ ನಿಂತಿತು.

ನಿದ್ದೆ ತಡೆಯುವುದು, ಯಾರ ಕಣ್ಣಿಗೂ ಬೀಳದಿರುವುದು. ಸೈನ್ಯ ಕಲಿಸಿದ ಈ ಎರಡು ಅಭ್ಯಾಸ ಊರ ರಸ್ತೆಯಲ್ಲಿ ಉಲ್ಟಾ ಹೊಡೆಯುತ್ತವೆ.

ಮೊದಲು ನಿದ್ದೆ. ಕಾವಲಿನಲ್ಲಿ ಕಣ್ಣು ಎಳೆದರೆ ಎರಡು ಹೆಜ್ಜೆ ಓಡಾಡಬಹುದು, ಬೈಕ್ ಮೇಲೆ ಆಗಲ್ಲ. ಗಂಟೆಗೆ 60ರ ವೇಗದಲ್ಲಿ ಎರಡು ಸೆಕೆಂಡ್ ತೂಕಡಿಸಿದರೆ 33 ಮೀಟರ್ ಹೋಗಿರುತ್ತೀರಿ. ಆದಷ್ಟು ಬೆಳಗಿನ ಬಸ್ಸೇ ಹಿಡಿಯಿರಿ. ಹೊರಡಲೇಬೇಕು ಅಂದರೆ ಚಹಾ ಕುಡಿದು ಸ್ಟೇಷನ್ನಿನಲ್ಲೇ 20 ನಿಮಿಷ ಮಲಗಿ. ಚಹಾ ಕೆಲಸ ಮಾಡೋಕೆ ಅಷ್ಟು ಹೊತ್ತು ಬೇಕು. ಸೈನ್ಯದ ಕ್ಯಾಂಟೀನಿನಿಂದ ತಂದ ಮದ್ಯದ ಬಾಟಲಿ ಗೆಳೆಯರ ಮುಂದೆ ತೆರೆದಿರಾ? ಅವತ್ತು ಅಲ್ಲೇ ಹಾಸಿಗೆ.

ಆಮೇಲೆ ಬೈಕ್. ತಿಂಗಳುಗಟ್ಟಲೆ ತಗಡಿನ ಕೆಳಗೆ ನಿಂತ ಗಾಡಿ ಅದು. ನಮ್ಮವನ ಸೀಟಿನ ಕೆಳಗೆ ಇಲಿ ಗೂಡು ಕಟ್ಟಿ ಟೇಲ್ ಲೈಟಿನ ವೈರ್ ಕಡಿದಿತ್ತು. ಟೈರಿನ ಗಾಳಿ, ಚೈನು, ಎರಡೂ ಬ್ರೇಕ್ ನೋಡಿ. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯುತ್ತಾ ಅಂತ ಇನ್ನೊಬ್ಬರನ್ನು ನಿಲ್ಲಿಸಿ ಕೇಳಿ. ಗೋಡೆಗೆ ಎದುರಾಗಿ ಏಳೆಂಟು ಮೀಟರ್ ದೂರದಲ್ಲಿ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಗಟ್ಟಿ ಭಾಗ ಹೆಡ್‌ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳಬೇಕು.

ಮೂರನೆಯದು ಬಟ್ಟೆ. ಕಪ್ಪು ಜಾಕೆಟ್, ಹಸಿರು ರಕ್‌ಸ್ಯಾಕ್ ಕತ್ತಲಲ್ಲಿ ಕರಗಿಹೋಗುತ್ತವೆ. ಹಿಂದಿನ ಲಾರಿಯವನಿಗೆ ನೀವು ಕಾಣಬೇಕು ಅಲ್ವಾ? ಮೇಲೊಂದು ರಿಫ್ಲೆಕ್ಟರ್ ಜಾಕೆಟ್ ಹಾಕಿ, ಹೆಲ್ಮೆಟ್ ಮತ್ತು ಬ್ಯಾಗಿನ ಹಿಂದೆ ಹೊಳೆಯುವ ಟೇಪ್ ಅಂಟಿಸಿ. ಹೆಲ್ಮೆಟ್ ಐಎಸ್‌ಐ ಗುರುತಿನದು, ಗಾಜು ಬಿಳಿಯದು, ಗೀರಿಲ್ಲದ್ದು ಇರಲಿ. ಗೀರು ಬಿದ್ದ ಗಾಜಿನ ಮೇಲೆ ಎದುರಿನ ಬೆಳಕು ಚೆಲ್ಲಾಪಿಲ್ಲಿಯಾಗಿ ಏನೂ ಕಾಣಲ್ಲ.

ಇನ್ನು ವೇಗ. ಡಿಮ್ ಬೆಳಕು ಸಾಮಾನ್ಯವಾಗಿ 40 ಮೀಟರ್ ಆಚೆಗೆ ಸರಿಯಾಗಿ ತೋರಿಸಲ್ಲ. 60ರಲ್ಲಿ ಹೋಗುವಾಗ ಕೈ ಬ್ರೇಕಿಗೆ ಹೋಗುವಷ್ಟರಲ್ಲೇ 17 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೂ 20-25 ಮೀಟರ್. ಅಂದರೆ ಟ್ರೇಲರ್ ಕಂಡಾಗ ಉಳಿದಿರುವ ಜಾಗ ಅಷ್ಟಕ್ಕಷ್ಟೇ. 45ಕ್ಕೆ ಇಳಿಸಿ. ಕಬ್ಬಿನ ಸೀಜನ್ನಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ದೀಪ ಎಷ್ಟೋ ಸಲ ಇರಲ್ಲ, ಕಬ್ಬಿನ ತುದಿ ಹೊರಗೆ ಚಾಚಿರುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ದೊಡ್ಡ ಸ್ಪೀಕರಿನಲ್ಲಿ ಹಾಡು ಕೇಳಿಸಿತೋ, ಮುಂದೆ ಟ್ರ್ಯಾಕ್ಟರ್ ಇದೆ ಅಂತಲೇ ತಿಳಿಯಿರಿ. ರಸ್ತೆಗೆ ಬಿದ್ದ ಕಬ್ಬಿನ ರವದಿ (ಒಣಗಿದ ಎಲೆ) ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿಯಬೇಡಿ.

ಎದುರಿನವನು ಹೈ ಬೀಮ್ ಹಾಕಿಕೊಂಡು ಬಂದರೆ ದೀಪ ನೋಡಬೇಡಿ. ವೇಗ ಇಳಿಸಿ, ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಡಿ.

ಹೊರಡುವಾಗ ಮನೆಗೆ ಫೋನ್ ಮಾಡಿ. 'ಒಂದು ತಾಸಿನಾಗ ಬಂದೆ' ಅನ್ನಬೇಡಿ. ಅವ್ವ ಗಡಿಯಾರ ನೋಡುತ್ತಾ ಕೂತಿರುತ್ತಾಳೆ, ನೀವೂ ಅದಕ್ಕೇ ಗಾಡಿ ಓಡಿಸುತ್ತೀರಿ. ಎರಡೂವರೆ ತಾಸು ಅಂತ ಹೇಳಿ.