62ರಲ್ಲಿ 35 ಕಳೆದರೆ 33: ಮಕ್ಕಳ ಲೆಕ್ಕ ಪರೀಕ್ಷಿಸುವ ನನ್ನ ಕ್ರಮ

ಎರಡು, ಮೂರನೇ ತರಗತಿಯ ಮಕ್ಕಳ ಲೆಕ್ಕವನ್ನು ಬರೀ ಪ್ರಶ್ನೆಪತ್ರಿಕೆ ಕೊಟ್ಟು ಅಳೆಯುವುದನ್ನು ಬಿಟ್ಟಿದ್ದೇನೆ. ಎಷ್ಟು ತಪ್ಪಿತು ಎಂಬುದು ಅದರಲ್ಲಿ ಸಿಗುತ್ತದೆ, ಯಾಕೆ ತಪ್ಪಿತು ಎಂಬುದು ಸಿಗುವುದಿಲ್ಲ. ಈಗ ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸುತ್ತೇನೆ. ಒಬ್ಬರಿಗೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಬೇಕಾದದ್ದು ಸಂಖ್ಯೆ ಬರೆದ ಕಾರ್ಡು, 30 ಕಡ್ಡಿ, ರಬ್ಬರ್ ಬ್ಯಾಂಡ್, ಹಾಳೆ, ಪೆನ್ನು. ಪೆನ್ಸಿಲ್ ಬೇಡ. ಮಗು ಅಳಿಸಿಹಾಕುವ ಉತ್ತರವೇ ನಮಗೆ ಮುಖ್ಯ.

ಎರಡಂಕಿ ಸಂಖ್ಯೆ ಓದಿಸುವುದರಿಂದ ಶುರು ಮಾಡಿ. ಬಂದರೆ ಮೂರಂಕಿಗೆ ಹೋಗಿ, ಸತತ ಎರಡು ತಪ್ಪಿದರೆ ಒಂದಂಕಿಗೆ ಇಳಿಯಿರಿ. 78ನ್ನು ‘ಎಂಬತ್ತೆಂಟು’ ಎಂದರೆ ಗಾಬರಿ ಬೇಡ. ಎಪ್ಪತ್ತು, ಎಂಬತ್ತರ ಹೆಸರು ಅದಲುಬದಲಾಗುವುದು ಸಾಮಾನ್ಯ. 78, 87, 88 ಕಾರ್ಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲು ಹೇಳಿ. ಸರಿಯಾಗಿ ಜೋಡಿಸಿದರೆ ತೊಡಕು ಹೆಸರಿನದು ಮಾತ್ರ. ಉಕ್ತಲೇಖನವನ್ನೂ ಕೊಡಿ: ‘ಇನ್ನೂರೈದು’ ಎಂದಾಗ 2005 ಬರೆಯುವ ಮಗು ಕೇಳಿದ್ದನ್ನು ಕೇಳಿದಂತೆಯೇ ಬರೆಯುತ್ತಿದೆ, ಸ್ಥಾನಬೆಲೆ ಇನ್ನೂ ಕೂತಿಲ್ಲ.

ಸ್ಥಾನಬೆಲೆಗೆ 26 ಕಡ್ಡಿ ಎಣಿಸಿ, 26 ಎಂದು ಬರೆಯಲಿ. 6ನ್ನು ತೋರಿಸಿ ‘ಇದಕ್ಕೆ ಎಷ್ಟು ಕಡ್ಡಿ?’ ಎಂದರೆ ಆರು ಎತ್ತಿಕೊಡುತ್ತಾರೆ. 2ನ್ನು ತೋರಿಸಿದಾಗ ಎರಡೇ ಕಡ್ಡಿ ಕೊಟ್ಟು, ಉಳಿದ ಹದಿನೆಂಟರ ಕಡೆ ತಿರುಗಿಯೂ ನೋಡದವರು ಬಹಳ. ‘ಹತ್ತಿನ ಸ್ಥಾನದಲ್ಲಿ ಯಾವ ಅಂಕಿ?’ ಎಂದು ಕೇಳಿದರೆ ಇದೇ ಮಕ್ಕಳು ಥಟ್ಟನೆ 2 ಎನ್ನುತ್ತಾರೆ. ಹಾಗಾಗಿ ಆ ಪ್ರಶ್ನೆ ಕೇಳುವುದು ದಂಡ.

ಕೂಡುವುದರಲ್ಲಿ 8+5 ಸಾಕು. ಬೆರಳನ್ನು ಗಮನಿಸಿ: ಒಂದರಿಂದ ಎಣಿಸುತ್ತದೋ, ಎಂಟರ ಮುಂದಕ್ಕೆ ಎಣಿಸುತ್ತದೋ, ಎಣಿಸದೇ ಹೇಳುತ್ತದೋ. 12 ಬಂದರೆ ಎಂಟನ್ನೇ ಮೊದಲ ಬೆರಳಾಗಿ ಎಣಿಸಿದೆ ಎಂದು ತಿಳಿಯಿರಿ.

ಕಳೆಯುವ ಲೆಕ್ಕದಲ್ಲಿ ಸಂಖ್ಯೆ ಆರಿಸುವುದೇ ಅರ್ಧ ಕೆಲಸ. ನಾನು ಕೊಡುವುದು 62−35. ಸರಿ ಉತ್ತರ 27. ಮಗು 33 ಬರೆದರೆ ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. 37 ಬಂದರೆ ದಶಕ ತಂದಿದೆ, ಆದರೆ 6ನ್ನು 5 ಮಾಡಲು ಮರೆತಿದೆ. 28 ಬಂದರೆ ವಿಧಾನ ಗೊತ್ತು, 12ರಿಂದ ಹಿಂದಕ್ಕೆ ಎಣಿಸುವಾಗ 12ನ್ನೂ ಸೇರಿಸಿಕೊಂಡಿದೆ. 97 ಆದರೆ ಚಿಹ್ನೆಯನ್ನೇ ನೋಡಿಲ್ಲ. ನಾಲ್ಕಕ್ಕೂ ಹೇಳಿಕೊಡಬೇಕಾದದ್ದು ಬೇರೆ ಬೇರೆ. ಇದರ ಬದಲು 61−26 ಕೊಟ್ಟಿರೋ, ಕೆಟ್ಟಿತು: ಮೊದಲ ತಪ್ಪಿಗೂ 45, ಎರಡನೆಯದಕ್ಕೂ 45. ಬಿಡಿ ಸ್ಥಾನದ ಅಂಕಿಗಳ ವ್ಯತ್ಯಾಸ 5 ಇದ್ದಲ್ಲೆಲ್ಲ ಹೀಗಾಗುತ್ತದೆ, ಏಕೆಂದರೆ 11−6 ಕೂಡ 5, 6−1 ಕೂಡ 5. ಪಕ್ಕದ ಮಗು ಕೇಳಿಸಿಕೊಂಡೀತೆಂದು ಎರಡನೇ ಕಾರ್ಡು ಇಟ್ಟುಕೊಳ್ಳುವಾಗಲೂ ಇದು ನೆನಪಿರಲಿ, 74−48 ಆಗುತ್ತದೆ.

ಭಾಗಾಕಾರ ಮೇಲಿನ ತರಗತಿಗೆ ಮಾತ್ರ. 615ನ್ನು 3ರಿಂದ ಭಾಗಿಸಲು ಕೊಡಿ. 205ರ ಬದಲು 25 ಬಂದರೆ ಮಗ್ಗಿ ಬರುತ್ತದೆ, ನಡುವಿನ ಸೊನ್ನೆ ಬಿಟ್ಟುಹೋಗಿದೆ.

ಬಾಯಿಲೆಕ್ಕದ ಸಮಸ್ಯೆಯನ್ನು ನೀವೇ ಓದಿ ಹೇಳಿ, ಇಲ್ಲದಿದ್ದರೆ ಪರೀಕ್ಷೆ ಓದಿನದಾಗುತ್ತದೆ. ‘ನಿನ್ನ ಹತ್ತಿರ 12 ಪೆನ್ಸಿಲ್ ಇವೆ. ಅದು ನಿನ್ನ ತಂಗಿಯ ಹತ್ತಿರ ಇರುವುದಕ್ಕಿಂತ 4 ಹೆಚ್ಚು. ಅವಳ ಹತ್ತಿರ ಎಷ್ಟು?’ ‘ಹೆಚ್ಚು’ ಕಿವಿಗೆ ಬಿದ್ದೊಡನೆ ಕೂಡಿ 16 ಎನ್ನುವವರನ್ನು ಇದು ಹಿಡಿದುಕೊಡುತ್ತದೆ.

ಉತ್ತರ ಸರಿಯಿರಲಿ ತಪ್ಪಿರಲಿ, ‘ಹೇಗ್ ಮಾಡ್ದೆ, ಹೇಳು ನೋಡೋಣ’ ಎಂದು ಪ್ರತಿ ಸಲವೂ ಕೇಳಬೇಕು. ತಪ್ಪಿದಾಗ ಮಾತ್ರ ಕೇಳಿದರೆ ಮೂರನೇ ಲೆಕ್ಕದ ಹೊತ್ತಿಗೆ ಮಗುವಿಗೆ ಗುಟ್ಟು ಗೊತ್ತಾಗಿ, ಕೇಳಿದ ತಕ್ಷಣ ಉತ್ತರ ಬದಲಿಸುತ್ತದೆ. ಭೇಷ್ ಎನ್ನುವುದೂ ಬೇಡ. ಮುಂದಿನ ಲೆಕ್ಕಕ್ಕೆ ಸುಮ್ಮನಿದ್ದರೆ ಅದೇ ತಪ್ಪಿನ ಸೂಚನೆಯಾಗಿಬಿಡುತ್ತದೆ. ‘ಆಯ್ತು, ಮುಂದಿನದು’ ಸಾಕು. ಹಾಳೆಯಲ್ಲಿ ಸರಿ, ತಪ್ಪು ಗುರುತು ಹಾಕಬೇಡಿ, ಮಗು ಹೇಳಿದ ಸಂಖ್ಯೆಯನ್ನೇ ಬರೆದಿಡಿ. 33 ಬರೆದ ಮಕ್ಕಳನ್ನು ಒಂದು ಗುಂಪು ಮಾಡಿ, ಮರುದಿನ ಕಡ್ಡಿ ಕಟ್ಟು ಬಿಚ್ಚಿ ಕಳೆಯುವುದರಿಂದ ಶುರು ಮಾಡಬಹುದು. 28ರವರಿಗೆ ಕಟ್ಟಿನ ಅಗತ್ಯವಿಲ್ಲ, ಹಿಂದೆಣಿಕೆ ಸಾಕು.