ನಾರ್‌ಅಡ್ರಿನಲಿನ್ ಡೋಸ್ ಏರಿಸುವಾಗ ನಾನು ನೋಡುವುದು

ಕೋಲಾರದ ನಮ್ಮ ಐಸಿಯುನಲ್ಲಿ ರೋಗಿ ಕಡೆಯವರು ಮಾನಿಟರ್ ನೋಡುತ್ತಾ ಕೇಳುತ್ತಾರೆ: “ಸಾರ್, ಬಿಪಿ ಏರ್ತಾ ಇಲ್ಲ, ಔಷಧಿ ಡಬಲ್ ಮಾಡಬಾರ್ದಾ?” ಕೇಳಬೇಕಾದ್ದೇ. ಆದರೆ ಡೋಸ್ ಡಬಲ್ ಆದರೆ ಕೆಲಸ ಡಬಲ್ ಆಗುವುದಿಲ್ಲ.

ನಂಜೇರಿ ಬಿಪಿ ಕುಸಿದಾಗ ನಾವು ಮೊದಲು ಹಿಡಿಯುವುದು ನಾರ್‌ಅಡ್ರಿನಲಿನ್. ನಮ್ಮ ಮೈಯಲ್ಲೇ ಹುಟ್ಟುವ ಹಾರ್ಮೋನು. ಹಾರ್ಮೋನು ಬಂದು ಕೂರುವ ಜಾಗಕ್ಕೆ ರಿಸೆಪ್ಟರ್ ಅನ್ನುತ್ತೇವೆ. ಇದು ರಕ್ತನಾಳದ ಗೋಡೆಯ ಆಲ್ಫಾ-1 ರಿಸೆಪ್ಟರ್‌ಗಳ ಮೇಲೆ ಕೂತು ನಾಳವನ್ನು ಬಿಗಿ ಮಾಡುತ್ತದೆ. ರಿಸೆಪ್ಟರ್‌ಗಳು ಖಾಲಿ ಇರುವಾಗ ಸ್ವಲ್ಪ ಕೊಟ್ಟರೂ ಬಿಪಿ ಏರುತ್ತದೆ. ತುಂಬುತ್ತಾ ಹೋದ ಹಾಗೆ ಅಷ್ಟೇ ಏರಿಕೆಗೆ ಜಾಸ್ತಿ ಜಾಸ್ತಿ ಔಷಧಿ ಬೇಕು. ಕೊನೆಗೆ ಏರಿಕೆಯೇ ನಿಂತುಬಿಡುತ್ತದೆ.

ಕಾಲಿನ ಗಾಯ ಕೀವಾಗಿ ಬಂದ ಟೊಮೆಟೊ ಬೆಳೆಗಾರರೊಬ್ಬರು ನೆನಪಾಗುತ್ತಾರೆ. ತೂಕ 60 ಕೆಜಿ. ಮೊದಲು ಆಂಟಿಬಯೋಟಿಕ್, ಸಲೈನ್. “ತೋಟದ ಡ್ರಿಪ್ ಪೈಪಲ್ಲಿ ನೀರೇ ಇಲ್ದಿದ್ರೆ ಹಿಸುಕಿ ಏನು ಬಂತಪ್ಪಾ?” ಅಂದೆ, ಮಗನಿಗೆ ತಟ್ಟನೆ ಅರ್ಥವಾಯಿತು. ಆಮೇಲೆ 4 ಮಿಲಿಗ್ರಾಂ ನಾರ್‌ಅಡ್ರಿನಲಿನ್ 50 ಎಂಎಲ್ ಸಿರಿಂಜಿಗೆ. ಒಂದು ಎಂಎಲ್‌ಗೆ 80 ಮೈಕ್ರೋಗ್ರಾಂ ಆಯಿತು. ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಬೇಕೆಂದರೆ ಪಂಪ್ ಗಂಟೆಗೆ 4.5 ಎಂಎಲ್. ಈ ಲೆಕ್ಕವನ್ನು ಸಿಸ್ಟರ್ ಒಂದು ಸಲ, ನಾನು ಒಂದು ಸಲ ಮಾಡಲೇಬೇಕು.

ಸರಾಸರಿ ಬಿಪಿ (ಮೇಲಿನ, ಕೆಳಗಿನ ಅಂಕಿಗಳ ನಡುವೆ ಬರುವುದು) 65 ಬಂದರೆ ಸಾಕು. ಸುಮ್ನೆ ಇನ್ನೂ ಏರಿಸುವುದಿಲ್ಲ. ನಾಳಗಳು ತೀರಾ ಬಿಗಿದರೆ ಮಾನಿಟರಲ್ಲಿ ಬಿಪಿ ಚೆನ್ನಾಗೇ ಕಾಣುತ್ತದೆ, ಬೆರಳು ಮಾತ್ರ ತಣ್ಣಗಾಗಿ ಕಪ್ಪಾಗುತ್ತದೆ. ಅದಕ್ಕೇ ನಾನು ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಹಿಡಿದು ಬಿಡುತ್ತೇನೆ. ಬಿಳುಚಿದ ಜಾಗ 3 ಸೆಕೆಂಡಿನೊಳಗೆ ಕೆಂಪಾಗಬೇಕು. ಮೂತ್ರ ಎಷ್ಟು ಬರುತ್ತಿದೆ ಅನ್ನುವುದನ್ನೂ ನೋಡುತ್ತೇನೆ.

ಆ ರೋಗಿಗೆ ಡೋಸ್ ಏರಿಸಿದರೂ ಬಿಪಿ ಅಲ್ಲೇ ನಿಂತಿತು. ಅಂಥ ಹೊತ್ತಲ್ಲಿ ನಾನು ಕೇಳಿಕೊಳ್ಳುವುದು ಬೇರೆ: ಕೀವು ಒಳಗೇ ಉಳಿದಿದೆಯಾ? ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿದೆಯಾ? ಆಸಿಡ್ ಏರಿದರೆ ರಿಸೆಪ್ಟರ್‌ಗಳು ಸರಿಯಾಗಿ ಸ್ಪಂದಿಸುವುದಿಲ್ಲ. ಸರ್ಜನ್ ಬಂದು ಗಾಯ ಬಿಡಿಸಿ ಕೀವು ತೆಗೆದರು. ಜೊತೆಗೆ ನಿಮಿಷಕ್ಕೆ 0.03 ಯೂನಿಟ್ ವ್ಯಾಸೊಪ್ರೆಸಿನ್ ಶುರು ಮಾಡಿದೆವು. ಅದೂ ಹಾರ್ಮೋನೇ, ಆದರೆ ಅದರ ರಿಸೆಪ್ಟರ್ ಬೇರೆ. ಒಂದನ್ನೇ ಏರಿಸುತ್ತಾ ಹೋಗುವುದಕ್ಕಿಂತ ಇದು ವಾಸಿ.

ಸಿರಿಂಜ್ ಬದಲಿಸುವಾಗಲಂತೂ ನಾನು ಪಕ್ಕದಲ್ಲೇ ಇರುತ್ತೇನೆ. ನಾರ್‌ಅಡ್ರಿನಲಿನ್ ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧವಾಗುತ್ತದೆ. ಹಳೆಯದು ಮುಗಿಯುವ ಮುಂಚೆಯೇ ಹೊಸದು ಓಡುತ್ತಿರಬೇಕು.